ಛಾಯಾಚಿತ್ರದಲ್ಲಿ ವಿಸ್ರಂಭ

ಕಾವ್ಯನಾಟಕಗಳ ಗುಣದೋಷಗಳನ್ನು ವಿವೇಚಿಸುವ ಪರಿಪಾಟಿಯು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಚಿತ್ರಕ್ಕೂ ಶಿಲ್ಪಕ್ಕೂ ಲಕ್ಷಣಗ್ರಂಥಗಳ ಕೊರತೆಯಿಲ್ಲ. ಆದರೆ ಇಂದು ಪ್ರತಿಯೊಂದು ಮನೆಯನ್ನೂ ಹೊಕ್ಕು, ಮಕ್ಕಳ ಕೈಯಲ್ಲಿಯೂ ಆಟದ ವಸ್ತುವಾಗಿರುವ ಛಾಯಾಚಿತ್ರವನ್ನು ಕುರಿತು ನಡೆದಿರುವ ರಸವಿಚಾರವು ಅಲ್ಪವೆಂದೇ ಹೇಳಬೇಕು. ಯಂತ್ರದ ಬೆಲೆಯನ್ನೂ ಅದರ ಶಕ್ತಿಯನ್ನೂ ಕುರಿತು ಮಾತನಾಡುವವರು ಬಹಳ ಮಂದಿ. ಮನುಷ್ಯನ ಮುಖವು ಅದರಲ್ಲಿ ಒಮ್ಮೊಮ್ಮೆ ಜೀವಂತವಾಗಿಯೂ ಬಹುಸಲ ಮರದ ಬೊಂಬೆಯಂತೆಯೂ ಏಕೆ ಮೂಡುತ್ತದೆಂದು ವಿಚಾರಿಸುವವರು ವಿರಳ. ಚಿತ್ರ ತೆಗೆಯಿಸಿಕೊಳ್ಳುವಾಗ ಅಳುಕಿಲ್ಲದೆ, ಸಹಜವಾಗಿ ಕಾಣಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಯು ಮೇಲ್ನೋಟಕ್ಕೆ ಅಲಂಕಾರಪ್ರಿಯರ ಪ್ರಶ್ನೆಯಂತೆ ತೋರಬಹುದು. ಪರ್ಯಾಲೋಚಿಸಿದರೆ ಅದು ಭಾವರಸಗಳ ಶಾಸ್ತ್ರಕ್ಕೆ ಸೇರಿದ ಪ್ರಶ್ನೆಯೆಂಬುದು ತಿಳಿಯುತ್ತದೆ.

ಈ ವಿಚಾರದಿಂದ ಪ್ರಯೋಜನವೇನೆಂದು ಕೇಳಬಹುದು. ಮನುಷ್ಯನು ಗತಿಸಿದ ಮೇಲೆ ಆತನ ಧ್ವನಿಯೂ ನಡಿಗೆಯೂ ಮಾತಿನ ನಡುವೆ ಕೈಯನ್ನೆತ್ತುತ್ತಿದ್ದ ರೀತಿಯೂ ಕೆಲವೇ ವರ್ಷಗಳಲ್ಲಿ ಮರೆಯಾಗುತ್ತವೆ. ಗೋಡೆಯ ಮೇಲಿನ ಪಟವೊಂದು ಮಾತ್ರ ನಿಲ್ಲುತ್ತದೆ. ಅಜ್ಜಿಯನ್ನು ಕಣ್ಣಾರೆ ಕಾಣದ ಮೊಮ್ಮಕ್ಕಳಿಗೆ ಆ ಪಟವೇ ಅಜ್ಜಿ. ಐವತ್ತು ವರ್ಷಗಳ ಕಾಲ ಬಂದವರಿಗೆಲ್ಲ ನಗುನಗುತ್ತ ಬಡಿಸಿದ ಹೆಂಗಸು ಪಟದಲ್ಲಿ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು, ತುಟಿಯನ್ನು ಕಚ್ಚಿಕೊಂಡು, ಸಾಲಗಾರನನ್ನು ಕಂಡವಳಂತೆ ಕುಳಿತಿರುತ್ತಾಳೆ. ‘ನಮ್ಮಮ್ಮ ಹೀಗಿರಲಿಲ್ಲ’ ಎಂದು ಮಗಳು ಹೇಳುತ್ತಾಳೆ. ಹಾಗೆ ಹೇಳುವವರು ಬದುಕಿರುವವರೆಗೆ ಪಟದ ತಪ್ಪಿಗೆ ತಿದ್ದುಪಡಿಯುಂಟು. ಅವರೂ ಹೋದ ಮೇಲೆ ತಪ್ಪೇ ಪ್ರಮಾಣವಾಗಿಬಿಡುತ್ತದೆ. ಪ್ರಯೋಜನವನ್ನು ಕೇಳುವವರಿಗೆ ಇಷ್ಟು ಸಾಕು.

ಮೊದಲು ಈ ಬಿಗಿತಕ್ಕೆ ಕಾರಣವನ್ನು ನೋಡಬೇಕು. ೧೮೩೯ರ ಆಗಸ್ಟ್ ತಿಂಗಳಿನಲ್ಲಿ ದಾಗೇರನ ವಿಧಾನವು ಪ್ಯಾರಿಸ್ ನಗರದಲ್ಲಿ ಲೋಕಕ್ಕೆ ಪ್ರಕಟವಾಯಿತು. ಆಗಿನ ಫಲಕಗಳಿಗೆ ಬೆಳಕನ್ನು ಗ್ರಹಿಸುವ ಶಕ್ತಿಯು ಮಂದವಾಗಿದ್ದುದರಿಂದ, ಚಿತ್ರ ಬೇಕಾದವರು ಬಹಳ ಹೊತ್ತು ಅಲುಗದೆ ಕುಳಿತಿರಬೇಕಾಗುತ್ತಿತ್ತು. ಕತ್ತು ಕದಲದಂತೆ ಬೆನ್ನ ಹಿಂದೆ ಕಬ್ಬಿಣದ ಕವಲನ್ನು ನಿಲ್ಲಿಸಿ ತಲೆಯನ್ನು ಅದಕ್ಕೆ ಆನಿಸುತ್ತಿದ್ದರು. ಹಳೆಯ ಪಟಗಳಲ್ಲಿ ಕಾಣುವ ಬಿಗಿತಕ್ಕೆ ಈ ಕಬ್ಬಿಣವೇ ಕಾರಣವೆಂದು ಹೇಳುವುದು ವಾಡಿಕೆ. ಆದರೆ ಇಂದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಚಿತ್ರವು ಮುಗಿದುಹೋಗುತ್ತದೆ. ಕಬ್ಬಿಣದ ಕವಲು ಎಂದೋ ಮಾಯವಾಯಿತು; ಬಿಗಿತ ಮಾತ್ರ ಹೋಗಲಿಲ್ಲ. ಮದುವೆಯ ಮನೆಯಲ್ಲಿ ಹರಟುತ್ತ ಕುಳಿತ ಹತ್ತು ಮಂದಿಯ ಮುಂದೆ ಯಾರಾದರೂ ಮೊಬೈಲನ್ನು ಎತ್ತಿ ಹಿಡಿದರೆ ಸಾಕು, ಹತ್ತು ಬೆನ್ನುಗಳೂ ಒಮ್ಮೆಗೇ ಕೋಲಿನಂತಾಗುತ್ತವೆ. ಆದುದರಿಂದ ಕಾರಣವು ಕಬ್ಬಿಣದಲ್ಲಿರಲಿಲ್ಲ, ಮನಸ್ಸಿನಲ್ಲಿದ್ದಿತೆಂದು ತಿಳಿಯಬೇಕು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕಭಾವಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಸ್ತಂಭವೂ ಒಂದು. ಹರ್ಷ, ಭಯ, ವಿಸ್ಮಯ ಮೊದಲಾದವುಗಳಿಂದ ಅವಯವಗಳು ಕಂಬದಂತೆ ನಿಶ್ಚಲವಾಗುವುದೇ ಸ್ತಂಭ. ಸ್ವೇದವೆಂದರೆ ಬೆವರು, ವೈವರ್ಣ್ಯವೆಂದರೆ ಮುಖದ ಬಣ್ಣವು ಕೆಡುವುದು. ಯಂತ್ರದ ಮುಂದೆ ಕುಳಿತವನಲ್ಲಿ ಈ ಮೂರನ್ನೂ ಪ್ರತ್ಯಕ್ಷವಾಗಿ ಕಾಣಬಹುದು. ಹಾಗಾದರೆ ಯಂತ್ರವು ಸುಳ್ಳನ್ನು ಬರೆಯಿತೆನ್ನುವಂತಿಲ್ಲ. ಆ ಕ್ಷಣದಲ್ಲಿದ್ದ ಭಯವನ್ನು ಯಥಾವತ್ತಾಗಿಯೇ ಬರೆಯಿತು. ಕ್ಷಣಕ್ಕೆ ಸತ್ಯವಾದುದು ಜೀವನಕ್ಕೆ ಅಸತ್ಯವಾಯಿತು, ಅಷ್ಟೆ.

ಆ ಭಯವಾದರೂ ಯಾವುದು? ಯಂತ್ರವು ಕಚ್ಚುವುದಿಲ್ಲ, ಹೊಡೆಯುವುದಿಲ್ಲ. ಆದರೆ ಅದರ ಗಾಜಿನ ಹಿಂದೆ ಈಗ ಇಲ್ಲಿಲ್ಲದವರ ಕಣ್ಣುಗಳು ಸೇರಿರುತ್ತವೆ: ನಾಳೆ ನೋಡುವವರು, ಬಂಧುಗಳು, ಅಪರಿಚಿತರು. ಅವರು ಏನೆಂದುಕೊಳ್ಳುವರೋ ಎಂದು ಮನಸ್ಸು ಇಬ್ಭಾಗವಾಗುತ್ತದೆ. ಒಂದು ಭಾಗವು ಕುರ್ಚಿಯಲ್ಲಿ ಕುಳಿತಿರುತ್ತದೆ. ಇನ್ನೊಂದು ಭಾಗವು ಎದ್ದುಹೋಗಿ ಯಂತ್ರದ ಪಕ್ಕದಲ್ಲಿ ನಿಂತು ಕುಳಿತವನನ್ನು ಪರೀಕ್ಷಿಸುತ್ತದೆ. ಫ್ರಾನ್ಸಿನ ವಿಮರ್ಶಕನಾದ ರೋಲಾಂ ಬಾರ್ತನು ಛಾಯಾಚಿತ್ರವನ್ನು ಕುರಿತು ೧೯೮೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ಅನುಭವವನ್ನು ವಿವರಿಸಿದ್ದಾನೆ. ಯಂತ್ರವು ತನ್ನನ್ನು ನೋಡುತ್ತಿದೆಯೆಂದು ತಿಳಿದೊಡನೆ ಮನುಷ್ಯನು ಚಿತ್ರವಾಗುವುದಕ್ಕೆ ಮೊದಲೇ ತನ್ನನ್ನು ಚಿತ್ರವಾಗಿ ಮಾಡಿಕೊಂಡುಬಿಡುತ್ತಾನೆಂಬುದು ಆತನ ತಾತ್ಪರ್ಯ. ಸತ್ತ್ವವೆಂಬುದು ಸಮಾಹಿತವಾದ, ಎಂದರೆ ಒಂದೆಡೆ ನೆಲಸಿದ, ಮನಸ್ಸಿನಿಂದ ಹುಟ್ಟುತ್ತದೆ, ಬೇರೆಡೆಗೆ ಹರಿದ ಮನಸ್ಸಿನಿಂದ ಅದು ಸಾಧ್ಯವಿಲ್ಲ ಎಂದು ಭರತನು ಹೇಳಿರುವುದು ಇಲ್ಲಿ ಸ್ಮರಣೀಯ. ಒಡೆದ ಮನಸ್ಸಿನ ಮುಖದಲ್ಲಿ ಭಯವೊಂದನ್ನು ಬಿಟ್ಟು ಬೇರೆ ಭಾವವು ನೆಲಸಲಾರದು.

ನಗುವಿನ ಮಾತನ್ನೇ ತೆಗೆದುಕೊಳ್ಳಬಹುದು. ಚಿತ್ರ ತೆಗೆಯುವವರೆಲ್ಲರೂ ‘ಸ್ವಲ್ಪ ನಗಿ’ ಎಂದು ಆಜ್ಞೆಮಾಡುವುದುಂಟು. ನಾಟ್ಯಶಾಸ್ತ್ರದಲ್ಲಿ ಹಾಸ್ಯವು ಆರು ಬಗೆ. ಸ್ಮಿತ ಮತ್ತು ಹಸಿತಗಳು ಉತ್ತಮ ಪ್ರಕೃತಿಯವರಿಗೆ ಹೇಳಲ್ಪಟ್ಟಿವೆ. ಸ್ಮಿತದಲ್ಲಿ ಹಲ್ಲು ಕಾಣದೆ ಕೆನ್ನೆಯು ಕೊಂಚ ಅರಳುತ್ತದೆ. ಹಸಿತದಲ್ಲಿ ಮುಖದೊಡನೆ ಕಣ್ಣೂ ಅರಳಿ, ಹಲ್ಲು ತುಸುವೇ ತೋರುತ್ತದೆ. ಕಣ್ಣು ಅರಳಬೇಕೆಂಬ ಈ ಲಕ್ಷಣವು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಶರೀರಶಾಸ್ತ್ರವು ಸಾಕ್ಷಿ ನುಡಿಯಿತು. ಫ್ರಾನ್ಸಿನ ವೈದ್ಯನಾದ ದ್ಯುಶೆನ್ನನು ೧೮೬೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತುಟಿಯ ಕೊನೆಗಳನ್ನು ಮೇಲಕ್ಕೆಳೆಯುವ ಸ್ನಾಯುವು ಇಚ್ಛೆಗೆ ಅಧೀನವಾದುದೆಂದೂ, ಕಣ್ಣಿನ ಸುತ್ತಲಿನ ಸ್ನಾಯುವಾದರೋ ನಿಜವಾದ ಸಂತೋಷಕ್ಕಲ್ಲದೆ ಆಜ್ಞೆಗೆ ಮಣಿಯುವುದಿಲ್ಲವೆಂದೂ ಛಾಯಾಚಿತ್ರಗಳ ಮೂಲಕ ತೋರಿಸಿದನು. ಡಾರ್ವಿನ್ನನು ೧೮೭೨ರಲ್ಲಿ ಭಾವಪ್ರಕಟನೆಯನ್ನು ಕುರಿತು ಬರೆದ ಗ್ರಂಥದಲ್ಲಿ ಈ ಚಿತ್ರಗಳನ್ನು ಬಳಸಿಕೊಂಡನು. ಇಚ್ಛೆಯಿಂದಲೇ ಕಣ್ಣಿನ ಸ್ನಾಯುವನ್ನು ಅರಳಿಸಬಲ್ಲವರು ಕೆಲವರುಂಟೆಂದು ಮುಂದಿನ ಪರೀಕ್ಷೆಗಳಲ್ಲಿ ತಿಳಿದುಬಂದಿದೆ. ನಟರ ವೃತ್ತಿಯು ನಡೆಯುವುದೇ ಅಂಥವರಿಂದ. ಆದರೆ ಸಾಮಾನ್ಯ ಗೃಹಸ್ಥನಿಗೆ ‘ನಗಿ’ ಎಂದರೆ ತುಟಿಯು ನಗುತ್ತದೆ, ಕಣ್ಣು ಅಂಜುತ್ತದೆ. ಒಂದೇ ಮುಖದಲ್ಲಿ ಎರಡು ಭಾವಗಳು ಜಗಳವಾಡುತ್ತವೆ.

ಹೀಗಿರಲು, ಸಹಜತೆಯನ್ನು ಸಾಧಿಸುವ ಬಗೆಯಲ್ಲಿ ಎರಡು ಪಕ್ಷಗಳು ಕಂಡುಬರುತ್ತವೆ. ಒಂದು ಭಂಗಿಯ ಪಕ್ಷ, ಮತ್ತೊಂದು ಬೇಟೆಯ ಪಕ್ಷ.

ಭಂಗಿಯ ಪಕ್ಷದವರು ಹೇಳುವುದೇನೆಂದರೆ: ಮೈಯನ್ನು ಹೇಗೆ ತಿರುಗಿಸಬೇಕು, ಗಲ್ಲವನ್ನು ಎಷ್ಟು ತಗ್ಗಿಸಬೇಕು, ಕೈಯನ್ನು ಎಲ್ಲಿಡಬೇಕು ಎಂಬುದಕ್ಕೆ ನಿಯಮಗಳುಂಟು, ಅವುಗಳನ್ನು ಅಭ್ಯಾಸಮಾಡಿದರೆ ಸಾಕು. ಈ ಮಾತು ಕೇವಲ ತಳ್ಳಿಹಾಕತಕ್ಕದ್ದಲ್ಲ. ವಿಷ್ಣುಧರ್ಮೋತ್ತರಪುರಾಣದ ಚಿತ್ರಸೂತ್ರದಲ್ಲಿ ಋಜ್ವಾಗತವೇ ಮೊದಲಾದ ಒಂಬತ್ತು ಸ್ಥಾನಗಳು ಹೇಳಲ್ಪಟ್ಟಿವೆ. ಎದುರಾಗಿ ನೆಟ್ಟಗೆ ನಿಂತುದು, ಓರೆಯಾದುದು, ಪಕ್ಕಕ್ಕೆ ತಿರುಗಿದುದು, ಬೆನ್ನು ತೋರಿದುದು ಎಂದು ಮುಂತಾಗಿ ಅವುಗಳ ಭೇದ. ನೆಟ್ಟಗೆ ನಿಂತ ನಿಲವಿಗಿಂತ ಕೊಂಚ ಓರೆಯಾದ ನಿಲವು ಕಣ್ಣಿಗೆ ಹಿತವೆಂಬುದನ್ನು ಚಿತ್ರಕಾರರೆಲ್ಲರೂ ಬಲ್ಲರು. ಆದರೆ ಅದೇ ಚಿತ್ರಸೂತ್ರವು ಸ್ಥಾನಗಳನ್ನು ಹೇಳಿ ಅಷ್ಟಕ್ಕೇ ತೃಪ್ತವಾಗುವುದಿಲ್ಲ. ಮಲಗಿದವನಲ್ಲಿ ಚೈತನ್ಯವನ್ನೂ ಸತ್ತವನಲ್ಲಿ ಅದರ ಅಭಾವವನ್ನೂ ತೋರಬಲ್ಲವನೇ ಚಿತ್ರವನ್ನು ಬಲ್ಲವನೆಂದೂ, ಉಸಿರಾಡುತ್ತಿರುವಂತೆ ತೋರುವ ಚಿತ್ರವೇ ಶುಭಲಕ್ಷಣವುಳ್ಳದ್ದೆಂದೂ ಅದು ಹೇಳುತ್ತದೆ. ಮಲಗಿದವನ ಸ್ಥಾನವೂ ಸತ್ತವನ ಸ್ಥಾನವೂ ಒಂದೇ ಆಗಿರಬಹುದು, ಭೇದವಿರುವುದು ಚೈತನ್ಯದಲ್ಲಿ. ಸ್ಥಾನವು ಪಾತ್ರೆ, ಚೈತನ್ಯವು ನೀರು. ಪಾತ್ರೆಯನ್ನು ಎಷ್ಟು ಬೆಳಗಿದರೂ ನೀರು ತಾನಾಗಿ ಬಾರದು. ಶ್ರವಣಬೆಳಗೊಳದ ಗೊಮ್ಮಟನು ಎಲ್ಲಕ್ಕಿಂತ ಕಠಿನವಾದ ನೇರನಿಲವಿನಲ್ಲಿ, ಕೈಗೆ ಒಂದು ಆಸರೆಯೂ ಇಲ್ಲದೆ, ಸಾವಿರ ವರ್ಷಗಳಿಗೂ ಮೀರಿ ನಿಂತಿದ್ದಾನೆ. ಆತನ ಭುಜದಲ್ಲಿ ಬಿಗಿತವಿಲ್ಲ, ತುಟಿಯಲ್ಲಿ ಅಳುಕಿಲ್ಲ. ಆ ನಿಲವಿಗೆ ಕಾಯೋತ್ಸರ್ಗವೆಂದು ಹೆಸರು. ದೇಹದ ಮೇಲಣ ಅಭಿಮಾನವನ್ನು ಬಿಟ್ಟುದೇ ಅದರ ಅರ್ಥ. ಬಿಡುವುದನ್ನು ಕಲಿಸದೆ ನಿಲ್ಲುವುದನ್ನು ಮಾತ್ರ ಕಲಿಸುವ ನಿಯಮಗಳು ಅರ್ಧ ಶಾಸ್ತ್ರ.

ಬೇಟೆಯ ಪಕ್ಷದವರು ಇದಕ್ಕೆ ವಿರುದ್ಧವಾದುದನ್ನು ಹೇಳುತ್ತಾರೆ. ಭಂಗಿಯೇ ಬೇಡ, ಮನುಷ್ಯನು ಅರಿಯದ ವೇಳೆಯಲ್ಲಿ ಆತನನ್ನು ಹಿಡಿಯಬೇಕು, ಇಲ್ಲವೆ ಬೆಚ್ಚಿಬೀಳಿಸಿ ಮುಖವಾಡವನ್ನು ಕಳಚಬೇಕು ಎಂಬುದು ಇವರ ಮತ. ಈ ಪಕ್ಷದ ಎರಡು ಪ್ರಸಿದ್ಧ ಉದಾಹರಣೆಗಳನ್ನು ಪರೀಕ್ಷಿಸುವುದು ಉಚಿತ. ೧೯೪೧ರ ಡಿಸೆಂಬರ್ ೩೦ರಂದು ಒಟ್ಟಾವ ನಗರದಲ್ಲಿ ಯೂಸುಫ್ ಕಾರ್ಷ್ ಎಂಬ ಛಾಯಾಚಿತ್ರಕಾರನು ಚರ್ಚಿಲ್ಲನ ಚಿತ್ರವನ್ನು ತೆಗೆದನು. ಯಂತ್ರವನ್ನು ಸಿದ್ಧಮಾಡಿಟ್ಟು, ಹತ್ತಿರಕ್ಕೆ ಹೋಗಿ, ಚರ್ಚಿಲ್ಲನ ಬಾಯಲ್ಲಿದ್ದ ಚುಟ್ಟವನ್ನು ಕಿತ್ತುಕೊಂಡು ಬಂದು ಗುಂಡಿಯನ್ನೊತ್ತಿದನು. ಯುದ್ಧಕಾಲದ ಬ್ರಿಟನ್ನಿನ ಅಚಲ ಧೈರ್ಯವೆಂದು ಜಗತ್ತೆಲ್ಲ ಕೊಂಡಾಡಿದ ಆ ಗಂಟುಮುಖವು ವಸ್ತುತಃ ಚುಟ್ಟವನ್ನು ಕಳೆದುಕೊಂಡವನ ಸಿಟ್ಟು! ಫಿಲಿಪ್ ಹಾಲ್ಸ್‌ಮನ್ ಎಂಬ ಮತ್ತೊಬ್ಬನು ರಾಜವಂಶದವರು, ರಾಜಕಾರಣಿಗಳು, ನಟಿಯರು ಮೊದಲಾದ ಗಣ್ಯರನ್ನೆಲ್ಲ ಮೇಲಕ್ಕೆ ನೆಗೆಯಿಸಿ ಚಿತ್ರಗಳನ್ನು ತೆಗೆದು ೧೯೫೯ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ನೆಗೆಯುವವನ ಗಮನವು ನೆಗೆತದಲ್ಲಿರುವುದರಿಂದ ಮುಖವಾಡವು ಕಳಚಿಬೀಳುತ್ತದೆಂಬುದು ಆತನ ವಾದ.

ಈ ಚಿತ್ರಗಳ ಸಾಮರ್ಥ್ಯವನ್ನು ಅಲ್ಲಗಳೆಯಲಾಗದು. ಅಲ್ಲಿರುವ ಭಾವವು ಕೃತಕವಲ್ಲ. ಆದರೆ ಅದು ಯಾರ ಭಾವ? ಅಭಿಜ್ಞಾನಶಾಕುಂತಲದ ಮೊದಲನೆಯ ಅಂಕದಲ್ಲಿ ಕಾಳಿದಾಸನು ಎರಡು ಬಗೆಯ ಜಿಂಕೆಗಳನ್ನು ತೋರಿಸುತ್ತಾನೆ. ಮೊದಲನೆಯದು ದುಷ್ಯಂತನ ಬಾಣಕ್ಕೆ ಹೆದರಿ ಓಡುವುದು. ಅದು ಕತ್ತನ್ನು ತಿರುವಿ ತಿರುವಿ ರಥವನ್ನು ನೋಡುತ್ತದೆ, ಅರ್ಧ ಮೆದ್ದ ದರ್ಭೆಯು ಅದರ ಬಾಯಿಂದ ಉದುರುತ್ತದೆ. ಅದು ಅತಿ ಸುಂದರವಾದ ಚಿತ್ರವೆಂಬುದರಲ್ಲಿ ಸಂಶಯವಿಲ್ಲ. ಸ್ವಲ್ಪ ಮುಂದೆ ಆಶ್ರಮದ ಅಂಚಿಗೆ ಬಂದಾಗ ದೊರೆಯು ಎರಡನೆಯ ಬಗೆಯ ಜಿಂಕೆಗಳನ್ನು ಕಾಣುತ್ತಾನೆ. ಅವು ರಥದ ಸದ್ದನ್ನು ಕೇಳಿಯೂ ನಡಿಗೆಯನ್ನು ಬದಲಾಯಿಸುವುದಿಲ್ಲ. ಏಕೆಂದರೆ ಅವುಗಳಿಗೆ ವಿಶ್ವಾಸವುಂಟಾಗಿದೆ. ರಥವು ಅದೇ, ಸದ್ದೂ ಅದೇ. ಒಂದು ಜಿಂಕೆಗೆ ಅದು ಮೃತ್ಯು, ಮತ್ತೊಂದಕ್ಕೆ ಮನೆಯ ಮುಂದಿನ ಸದ್ದು. ಬೇಟೆಯ ಪಕ್ಷದವರು ತೆಗೆಯುವ ಚಿತ್ರಗಳೆಲ್ಲವೂ ಮೊದಲನೆಯ ಜಿಂಕೆಯವು. ಚುಟ್ಟ ಕಿತ್ತ ಕ್ಷಣದ ಚರ್ಚಿಲ್ಲನು ಆ ಕ್ಷಣದಲ್ಲಿ ಕೆರಳಿದ ಮೃಗವೇ ಹೊರತು ಬೇರಲ್ಲ. ಅದೇ ದಿನ ಅದೇ ಕೋಣೆಯಲ್ಲಿ ಕಾರ್ಷನು ಆತನ ಮತ್ತೊಂದು ಚಿತ್ರವನ್ನೂ ತೆಗೆದನು. ಅದರಲ್ಲಿ ಚರ್ಚಿಲ್ಲನು ನಗುತ್ತಿದ್ದಾನೆ. ಲೋಕವು ಮೊದಲನೆಯದನ್ನು ಗೋಡೆಗೆ ತೂಗಹಾಕಿತು, ಎರಡನೆಯದನ್ನು ಬಹುಮಟ್ಟಿಗೆ ಮರೆಯಿತು. ಲೋಕಕ್ಕೆ ವೀರನು ಬೇಕಾಗಿದ್ದನು. ಮನೆಯವರಿಗೆ ಬೇಕಾದ ಚಿತ್ರವು ಎರಡನೆಯದಾಗಿದ್ದಿರಬಹುದು.

ಈ ಎರಡು ಪಕ್ಷಗಳೂ ಸಹಜತೆಯನ್ನು ಯಂತ್ರದ ಮುಂದೆ ಕುಳಿತವನೊಬ್ಬನ ಗುಣವೆಂದು ಭಾವಿಸಿವೆ. ಒಬ್ಬರು ಅದನ್ನು ಕಲಿಸಹೊರಡುತ್ತಾರೆ, ಇನ್ನೊಬ್ಬರು ಕದಿಯಹೊರಡುತ್ತಾರೆ. ವಸ್ತುತಃ ಅದು ಇಬ್ಬರ ನಡುವೆ ಹುಟ್ಟುವ ಗುಣ. ಸಂಸ್ಕೃತದಲ್ಲಿ ಅದಕ್ಕೆ ಒಪ್ಪುವ ಹೆಸರು ವಿಸ್ರಂಭ. ಅಮರಕೋಶವು ವಿಸ್ರಂಭವನ್ನೂ ವಿಶ್ವಾಸವನ್ನೂ ಪರ್ಯಾಯಪದಗಳಾಗಿ ಹೇಳುತ್ತದೆ. ಆದರೆ ಪ್ರಯೋಗದಲ್ಲಿ ವಿಸ್ರಂಭಕ್ಕೆ ಇನ್ನೊಂದು ಛಾಯೆಯೂ ಉಂಟು: ಬಿಗಿಯನ್ನು ಸಡಿಲಿಸಿ ನಿಶ್ಚಿಂತನಾಗಿರುವುದು. ಕನ್ನಡದ ‘ಸಲುಗೆ’ಯು ಇದಕ್ಕೆ ಸಮೀಪವಾದುದು. ನಂಬಿಕೆ ಮತ್ತು ಸಡಿಲತೆ ಎರಡನ್ನೂ ಒಂದೇ ಪದದಲ್ಲಿಟ್ಟ ನುಡಿಯು ದೊಡ್ಡದೊಂದು ಸತ್ಯವನ್ನು ಕಂಡಿತ್ತು. ಈ ಕಾಲದಲ್ಲಿ ‘ಆತ್ಮವಿಶ್ವಾಸ’ವೆಂಬ ಮಾತು ಎಲ್ಲರ ಬಾಯಲ್ಲಿದೆ, ಚಿತ್ರದಲ್ಲಿ ಆತ್ಮವಿಶ್ವಾಸವು ಕಾಣಬೇಕೆಂದು ಉಪದೇಶಿಸುತ್ತಾರೆ. ಆದರೆ ಯಂತ್ರದ ಮುಂದೆ ತನ್ನನ್ನು ತಾನೇ ನಂಬಹೊರಟವನು ಎದೆಯನ್ನುಬ್ಬಿಸುತ್ತಾನೆ, ಹುಬ್ಬನ್ನೇರಿಸುತ್ತಾನೆ, ಕಡೆಗೆ ನಾಟಕದ ಮಂತ್ರಿಯಂತಾಗುತ್ತಾನೆ. ಎದುರಿಗಿರುವವನನ್ನು ನಂಬಿದವನು ಮಾತ್ರ ಸಡಿಲಗೊಳ್ಳುತ್ತಾನೆ.

ಇದಕ್ಕೆ ಪ್ರಮಾಣವು ಶಾಕುಂತಲದ ಆರನೆಯ ಅಂಕದಲ್ಲಿದೆ. ವಿರಹದಲ್ಲಿರುವ ದುಷ್ಯಂತನು ಶಕುಂತಲೆಯನ್ನೂ ಆಕೆಯ ಸಖಿಯರಿಬ್ಬರನ್ನೂ ಚಿತ್ರಿಸಿದ್ದಾನೆ. ಶಕುಂತಲೆಯನ್ನು ಎಂದೂ ಕಾಣದ ವಿದೂಷಕನಿಗೆ ಚಿತ್ರವನ್ನು ತೋರಿಸಿ, ಮೂವರಲ್ಲಿ ಅವಳು ಯಾರೆಂದು ಕೇಳುತ್ತಾನೆ. ವಿದೂಷಕನು ಸರಿಯಾಗಿಯೇ ಗುರುತಿಸುತ್ತಾನೆ. ಯಾವ ಗುರುತಿನಿಂದ? ಒಡವೆಯಿಂದಲ್ಲ, ಭಂಗಿಯ ಬೆಡಗಿನಿಂದಲ್ಲ. ಮುಡಿಯು ಸಡಿಲಿ ಹೂ ಉದುರುತ್ತಿದೆ, ಮುಖದಲ್ಲಿ ಬೆವರಿನ ಹನಿಯೊಡೆದಿದೆ, ತೋಳುಗಳು ಜೋತುಬಿದ್ದಿವೆ, ಆಗತಾನೆ ನೀರು ಕಂಡು ಚಿಗುರು ಹೊಳೆಯುತ್ತಿರುವ ಮಾವಿನ ಗಿಡದ ಪಕ್ಕದಲ್ಲಿ ಕೊಂಚ ದಣಿದವಳಂತೆ ನಿಂತಿದ್ದಾಳೆ. ಇದನ್ನು ನೋಡಿ ಆತನು ಇವಳೇ ಶಕುಂತಲೆಯೆನ್ನುತ್ತಾನೆ. ಗಿಡಗಳಿಗೆ ನೀರೆರೆದು ದಣಿದ ಹುಡುಗಿಯನ್ನು ದೊರೆಯು ಮೊದಲು ಕಂಡುದು ಹಾಗೆಯೇ. ಅವನ ನೆನಪಿನಲ್ಲಿ ಉಳಿದುದೂ ಹಾಗೆಯೇ. ಚಿತ್ರ ತೆಗೆಯುವ ಮುನ್ನ ಬೆವರನ್ನೊರಸಿ, ಮುಡಿಯನ್ನು ಬಿಗಿದು, ಗಿಡವನ್ನು ಬಿಟ್ಟು ಬಣ್ಣದ ಪರದೆಯ ಮುಂದೆ ನಿಲ್ಲಿಸುವ ಈಚಿನ ಪದ್ಧತಿಯನ್ನು ಅನುಸರಿಸಿದ್ದರೆ ವಿದೂಷಕನಿಗೆ ಗುರುತು ಸಿಕ್ಕುತ್ತಿತ್ತೆ?

ದೊರೆಗೆ ಅಷ್ಟರಿಂದಲೂ ತೃಪ್ತಿಯಿಲ್ಲ. ಚಿತ್ರದಲ್ಲಿ ಇನ್ನೂ ಬರೆಯಬೇಕಾದುದುಂಟೆನ್ನುತ್ತಾನೆ: ಮರಳಿನಲ್ಲಿ ಹಂಸಗಳ ಜೋಡಿಯಿರುವ ಮಾಲಿನೀನದಿ, ಹಿಮಾಲಯದ ತಪ್ಪಲು, ನಾರುಮಡಿಯನ್ನು ಹರವಿದ ಮರ, ಆ ಮರದ ಕೆಳಗೆ ಕೃಷ್ಣಮೃಗದ ಕೊಂಬಿಗೆ ತನ್ನ ಎಡಗಣ್ಣನ್ನು ಉಜ್ಜಿಕೊಳ್ಳುತ್ತಿರುವ ಹೆಣ್ಣು ಜಿಂಕೆ. ಗಡ್ಡದ ತಾಪಸರ ಗುಂಪನ್ನೇ ಇಲ್ಲಿ ತುಂಬುವನೇನೋ ಎಂದು ವಿದೂಷಕನು ಗೊಣಗುತ್ತಾನೆ. ಸಭೆ ಸಮಾರಂಭಗಳ ಗುಂಪುಚಿತ್ರಗಳನ್ನು ನೋಡಿದವರಿಗೆ ಆ ಭಯವು ಅರ್ಥವಾಗದಿರದು. ಆದರೆ ಆ ಜಿಂಕೆಯಲ್ಲಿ ಕವಿಯು ಎಲ್ಲವನ್ನೂ ಹೇಳಿಬಿಟ್ಟಿದ್ದಾನೆ. ದೇಹದಲ್ಲೆಲ್ಲ ಮೃದುವಾದ ಅವಯವವು ಕಣ್ಣು, ಜಿಂಕೆಯ ಲೋಕದಲ್ಲಿ ಎಲ್ಲಕ್ಕಿಂತ ಹರಿತವಾದುದು ಕೊಂಬು. ಗಂಡು ಜಿಂಕೆಯು ಎಳ್ಳಷ್ಟು ಕತ್ತನ್ನು ಅಲುಗಿಸಿದರೂ ಕಣ್ಣು ಹೋಗುತ್ತದೆ. ಅದು ಅಲುಗಿಸದೆಂಬುದನ್ನು ಹೆಣ್ಣು ಜಿಂಕೆಯು ಬಲ್ಲದು. ಬಲ್ಲೆನೆಂಬ ಅರಿವೂ ಅದಕ್ಕಿಲ್ಲ. ಇದೇ ವಿಸ್ರಂಭ. ಯಂತ್ರದ ಗಾಜು ಆ ಕೊಂಬಿನಂಥದು. ಅದು ಮುಖದ ನೆರಿಗೆಯನ್ನೂ ಕಲೆಯನ್ನೂ ದಣಿವನ್ನೂ ಚುಚ್ಚಿ ತೋರಿಸಬಲ್ಲದು. ಅದರೆದುರಿಗೆ ಕಣ್ಣನ್ನು ನಿಶ್ಚಿಂತೆಯಿಂದ ಒಡ್ಡಬೇಕಾದರೆ ಕೊಂಬನ್ನು ಧರಿಸಿದವನು ಅಲುಗನೆಂಬ ನಂಬಿಕೆಯಿರಬೇಕು.

ಆದುದರಿಂದ ಸಹಜತೆಯ ಹೊಣೆಯಲ್ಲಿ ಹೆಚ್ಚಿನ ಪಾಲು ಚಿತ್ರ ತೆಗೆಯುವವನದು. ಮಾಲವಿಕಾಗ್ನಿಮಿತ್ರದ ಎರಡನೆಯ ಅಂಕದಲ್ಲಿ ಈ ಮಾತಿಗೆ ಸ್ಪಷ್ಟವಾದ ಆಧಾರವುಂಟು. ಮಾಲವಿಕೆಯನ್ನು ಮೊದಲು ಚಿತ್ರದಲ್ಲಿ ಮಾತ್ರ ಕಂಡಿದ್ದ ಅಗ್ನಿಮಿತ್ರನು, ಚಿತ್ರಕಾರನು ಚೆಲುವನ್ನು ಹೆಚ್ಚಿಸಿರಬಹುದೆಂದು ಶಂಕಿಸಿದ್ದನು. ಅವಳನ್ನು ಎದುರಿಗೆ ಕಂಡಮೇಲೆ ಚಿತ್ರಕಾರನ ಸಮಾಧಿಯೇ ಶಿಥಿಲವಾಗಿದ್ದಿರಬೇಕೆಂದುಕೊಳ್ಳುತ್ತಾನೆ. ಚಿತ್ರವು ಕೆಟ್ಟರೆ ‘ನಿಮ್ಮ ಮುಖ ಚಿತ್ರಕ್ಕೆ ಒಗ್ಗುವುದಿಲ್ಲ’ ಎಂದು ಕುಳಿತವರ ಮೇಲೆ ತಪ್ಪು ಹೊರಿಸುವುದು ಇಂದಿನ ರೂಢಿ. ಕಾಳಿದಾಸನ ದೊರೆಯು ತಪ್ಪನ್ನು ಬರೆದವನ ಏಕಾಗ್ರತೆಯಲ್ಲಿ ಹುಡುಕುತ್ತಾನೆ. ಅದೇ ಅಂಕದಲ್ಲಿ ಮತ್ತೊಂದು ರಹಸ್ಯವೂ ಇದೆ. ಪರೀಕ್ಷಕರ ಮುಂದೆ ನೃತ್ಯವನ್ನು ಮುಗಿಸಿ ಹೊರಟ ಮಾಲವಿಕೆಯನ್ನು ವಿದೂಷಕನು ಒಂದು ನೆವದಿಂದ ತಡೆಯುತ್ತಾನೆ. ಆಕೆಯು ಸುಮ್ಮನೆ ನಿಲ್ಲುತ್ತಾಳೆ: ಎಡಗೈ ಸೊಂಟದ ಮೇಲೆ, ಇನ್ನೊಂದು ಕೈ ಬಳ್ಳಿಯ ಕೊನರಿನಂತೆ ಸಡಿಲವಾಗಿ ಇಳಿಬಿದ್ದಿದೆ, ಕಾಲಿನ ಹೆಬ್ಬೆರಳು ನೆಲದ ಮೇಲಿನ ಹೂವನ್ನು ಕೆದಕುತ್ತಿದೆ, ನೋಟವೂ ಅಲ್ಲಿಯೇ. ಅವಳ ನೃತ್ಯಕ್ಕಿಂತ ಈ ನಿಲವೇ ಮನೋಹರವೆಂದು ದೊರೆಯು ಭಾವಿಸುತ್ತಾನೆ. ನೃತ್ಯದಲ್ಲಿ ಪರೀಕ್ಷೆಯಿದ್ದಿತು, ಇಲ್ಲಿ ಪರೀಕ್ಷೆಯು ಮುಗಿದಿತ್ತು. ‘ಆಯಿತು, ಇನ್ನು ಏಳಬಹುದು’ ಎಂದ ಮರುಕ್ಷಣದಲ್ಲಿ ಮುಖವು ಅರಳುವುದನ್ನು ಅನುಭವಿಗಳಾದ ಛಾಯಾಚಿತ್ರಕಾರರೆಲ್ಲರೂ ಬಲ್ಲರು. ಕೈಯನ್ನು ಏನು ಮಾಡಬೇಕೆಂಬ ನಿತ್ಯದ ತೊಡಕಿಗೂ ಈ ಎರಡು ನಾಟಕಗಳ ಉತ್ತರವು ಒಂದೇ: ಕೆಲಸವನ್ನು ಮುಗಿಸಿದ ಕೈಯು ತನ್ನ ಸ್ಥಳವನ್ನು ತಾನೇ ಕಂಡುಕೊಳ್ಳುತ್ತದೆ.

ಛಾಯಾಚಿತ್ರದ ಚರಿತ್ರೆಯಲ್ಲಿ ಇದಕ್ಕೆ ದೃಷ್ಟಾಂತಗಳಿಲ್ಲದಿಲ್ಲ. ೧೮೪೩ರಿಂದ ೧೮೪೭ರವರೆಗೆ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹಿಲ್ ಮತ್ತು ಆಡಮ್‌ಸನ್ ಎಂಬಿಬ್ಬರು ಸೇರಿ ಕೆಲಸಮಾಡಿದರು. ಹತ್ತಿರದ ನ್ಯೂಹೇವನ್ ಎಂಬ ಊರಿನ ಬೆಸ್ತರ ಹೆಂಗಸರನ್ನು ಅವರ ನಿತ್ಯದ ಉಡುಪಿನಲ್ಲಿ, ಮೀನಿನ ಬುಟ್ಟಿಗಳೊಡನೆ ಚಿತ್ರಿಸಿದರು. ಆಗಲೂ ಬಿಸಿಲಿನಲ್ಲಿ ಬಹಳ ಹೊತ್ತು ಅಲುಗದಿರಬೇಕಾಗಿತ್ತು. ಪ್ಯಾರಿಸಿನ ಗಿರಾಕಿಯನ್ನು ಕಂಬವಾಗಿಸಿದ ಆ ದೀರ್ಘಕಾಲವೇ ಈ ಹೆಂಗಸರಿಗೆ ಶಾಂತಿಯನ್ನು ಕೊಟ್ಟಿತು. ವಾಲ್ಟರ್ ಬೆನ್ಯಾಮಿನ್ ಎಂಬ ಜರ್ಮನಿಯ ವಿಮರ್ಶಕನು ೧೯೩೧ರ ತನ್ನ ಪ್ರಬಂಧದಲ್ಲಿ, ಆ ಕಾಲದ ವಿಧಾನವು ಮನುಷ್ಯರನ್ನು ಕ್ಷಣದಿಂದ ಹೊರಕ್ಕೆ ತಳ್ಳದೆ ಕ್ಷಣದೊಳಗೆ ನೆಲಸುವಂತೆ ಮಾಡಿತೆಂದು ಹೇಳಿರುವುದು ಯುಕ್ತವಾಗಿದೆ. ಕಾಲವೊಂದೇ ಸಾಲದು, ಪರಿಚಿತವಾದ ಬುಟ್ಟಿಯೂ ಪಕ್ಕದಲ್ಲಿ ನೆರೆಯವಳೂ ಇರಬೇಕೆಂಬುದನ್ನು ಇದಕ್ಕೆ ಸೇರಿಸಬಹುದು.

ಮತ್ತೊಂದು ನಮ್ಮ ದೇಶದ್ದು. ೧೯೪೬ರಲ್ಲಿ ಮಾರ್ಗರೆಟ್ ಬೂರ್ಕ್‌-ವೈಟ್ ಎಂಬ ಅಮೆರಿಕದ ಮಹಿಳೆಯು ಗಾಂಧೀಜಿಯವರ ಚಿತ್ರವನ್ನು ತೆಗೆಯಲು ಬಂದರು. ಚರಕದೊಡನೆ ಚಿತ್ರ ಬೇಕಾದರೆ ಮೊದಲು ನೂಲುವುದನ್ನು ಕಲಿಯಬೇಕೆಂದು ಗಾಂಧೀಜಿಯವರ ಕಡೆಯವರು ಕಟ್ಟುಮಾಡಿದರು. ಆಕೆಯು ಕಲಿತ ಮೇಲೆಯೇ ಒಳಕ್ಕೆ ಬಿಟ್ಟರು. ಆ ಪ್ರಸಿದ್ಧ ಚಿತ್ರದಲ್ಲಿ ಮುಂದೆ ಚರಕವಿದೆ. ಅದರಾಚೆಗೆ ನೆಲದ ಮೇಲೆ ಕುಳಿತ ವೃದ್ಧರು ಬಾಗಿ ಕಾಗದವನ್ನು ಓದುತ್ತಿದ್ದಾರೆ. ಅವರ ಗಮನವು ಓದಿನಲ್ಲಿದೆ. ನೋಡುವವರಿಗಾಗಿ ಮಾಡಿದುದು ಏನೂ ಅಲ್ಲಿಲ್ಲ. ನೂಲುವ ಶ್ರಮವನ್ನು ತಿಳಿದ ಮೇಲೆ ಬಂದ ಆ ಮಹಿಳೆಯು ಬರಿಯ ನೋಟಗಾತಿಯಾಗಿ ಉಳಿದಿರಲಿಲ್ಲ. ಆಶ್ರಮದ ಜಿಂಕೆಯನ್ನು ಕಾಣಬೇಕಾದವನು ರಥದಿಂದಿಳಿದು, ಒಡವೆಗಳನ್ನೂ ಬಿಲ್ಲನ್ನೂ ಕಳಚಿಟ್ಟು ಒಳಕ್ಕೆ ಹೋಗಬೇಕೆಂಬುದು ದುಷ್ಯಂತನಿಗೂ ತಿಳಿದಿದ್ದಿತು.

ತಮ್ಮ ಚಿತ್ರವನ್ನು ನೋಡಿ ‘ಇದು ನಾನಲ್ಲ’ ಎನ್ನುವವರು ಎಲ್ಲೆಲ್ಲಿಯೂ ಇದ್ದಾರೆ. ಈ ಅಸಮಾಧಾನದಲ್ಲಿ ಒಂದು ಭಾಗವು ವಿಸ್ರಂಭಕ್ಕೆ ಸಂಬಂಧಪಟ್ಟುದಲ್ಲ. ಅದಕ್ಕೆ ಕನ್ನಡಿಯೇ ಕಾರಣ. ಮನುಷ್ಯನು ತನ್ನ ಮುಖವನ್ನು ಬಲ್ಲುದು ಕನ್ನಡಿಯಲ್ಲಿ, ಎಡಬಲಗಳು ಅದಲುಬದಲಾಗಿ. ಅಮೆರಿಕದ ಮನಶ್ಶಾಸ್ತ್ರಜ್ಞರು ೧೯೭೭ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಜನರು ತಮ್ಮ ಕನ್ನಡಿರೂಪವನ್ನೇ ಮೆಚ್ಚುವರೆಂದೂ ಅವರ ಸ್ನೇಹಿತರು ಲೋಕಕ್ಕೆ ಕಾಣುವ ರೂಪವನ್ನೇ ಮೆಚ್ಚುವರೆಂದೂ ಕಂಡುಬಂದಿತು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕನ್ನಡಿಯ ಬಿಂಬದಂತೆ ಸಾದೃಶ್ಯವುಳ್ಳ ಚಿತ್ರಕ್ಕೆ ವಿದ್ಧವೆಂದು ಹೆಸರಿಟ್ಟಿದ್ದಾನೆ. ಕನ್ನಡಿಯಂತಿದ್ದರೂ ಕನ್ನಡಿಯೇ ಅಲ್ಲವೆಂಬುದನ್ನು ಮರೆಯಬಾರದು. ಕೈಯಳತೆಯಲ್ಲಿ ಮೊಬೈಲನ್ನು ಹಿಡಿದು ತೆಗೆದುಕೊಳ್ಳುವ ಸೆಲ್ಫಿಯಲ್ಲಿ ಇನ್ನೊಂದು ದೋಷವುಂಟು. ಮುಖಕ್ಕೆ ತೀರ ಸಮೀಪವಾದ ಗಾಜಿಗೆ ಮೂಗು ದೊಡ್ಡದಾಗಿಯೂ ಕಿವಿ ಸಣ್ಣದಾಗಿಯೂ ತೋರುತ್ತದೆ. ೧೨ ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗಿನ ಅಗಲವು ೫ ಅಡಿ ದೂರದ ಚಿತ್ರಕ್ಕಿಂತ ಶೇಕಡಾ ೩೦ರಷ್ಟು ಹೆಚ್ಚಾಗಿ ಕಾಣುವುದೆಂದು ಅಮೆರಿಕದ ವೈದ್ಯರು ೨೦೧೮ರಲ್ಲಿ ಲೆಕ್ಕಹಾಕಿ ತೋರಿಸಿದರು. ಐದಾರು ಅಡಿ ದೂರ ನಿಂತು ಮಾತನಾಡುವ ಮನುಷ್ಯನ ಕಣ್ಣಿಗೆ ಮುಖವು ಹೇಗೆ ತೋರುವುದೋ ಅಷ್ಟೇ ಲೋಕರೂಢಿಯ ರೂಪ. ಸೆಲ್ಫಿಯಲ್ಲಿ ಇದಕ್ಕಿಂತಲೂ ಮುಖ್ಯವಾದ ಕೊರತೆಯೆಂದರೆ ಎದುರಿಗೆ ಯಾರೂ ಇಲ್ಲದಿರುವುದು. ಜಿಂಕೆಯು ತನ್ನ ಕೊಂಬಿಗೆ ತಾನೇ ಕಣ್ಣನ್ನು ಉಜ್ಜಿಕೊಳ್ಳಲಾರದು.

ಇಷ್ಟರಿಂದ ಗೃಹಸ್ಥರು ಗ್ರಹಿಸಬಹುದಾದ ವಿಧಿಯು ಕಠಿನವಾದುದಲ್ಲ. ಹಿರಿಯರ ಚಿತ್ರವನ್ನು ತೆಗೆಯುವುದಕ್ಕೆ ಷಷ್ಟ್ಯಬ್ದಿಯ ದಿನವನ್ನೇ ಕಾಯಬೇಕಾಗಿಲ್ಲ. ಆ ದಿನ ಅವರು ಹೊಸ ಮಡಿಯ ಗಂಜಿಯಲ್ಲಿಯೂ ನೂರು ಕಣ್ಣುಗಳ ನಡುವೆಯೂ ಸಿಕ್ಕಿಕೊಂಡಿರುತ್ತಾರೆ. ತಾಯಿಯು ಹೂ ಕಟ್ಟುತ್ತಿರುವಾಗ, ತಂದೆಯು ಪತ್ರಿಕೆಯನ್ನೋದಿ ಕನ್ನಡಕವನ್ನು ತೆಗೆದಿಟ್ಟಾಗ, ಬಾಗಿಲಿನ ಅಥವಾ ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಕುಳಿತಿರುವಾಗ, ಅವರ ಸಲುಗೆಗೆ ಪಾತ್ರರಾದವರೊಬ್ಬರು ಐದಾರು ಅಡಿ ದೂರದಲ್ಲಿ ಕುಳಿತು, ಮಾತನಾಡುತ್ತ ತೆಗೆಯಲಿ. ಕದ್ದು ತೆಗೆಯಬಾರದು, ತೆಗೆಯುತ್ತೇನೆಂದು ಹೇಳಿ, ಆ ಮಾತು ಮರೆಯುವವರೆಗೆ ಕಾಯಬೇಕು. ನಗಿ ಎನ್ನಬಾರದು; ನಗು ಬರುವ ಮಾತನ್ನಾಡಬೇಕು. ಬೇಡವೆಂದರೆ ಯಂತ್ರವನ್ನು ಕೆಳಗಿಡಬೇಕು. ಇನ್ನೊಂದು ದಿನದ ನಂಬಿಕೆಯು ಹುಟ್ಟುವುದು ಅಲ್ಲಿಂದಲೇ. ಕುಳಿತವರಿಗೂ ಒಂದು ಮಾತು ಸಲ್ಲುತ್ತದೆ. ಗಾಜಿನಾಚೆಗೆ ಇರುವವರು ಪರೀಕ್ಷಕರೆಂದು ಭಾವಿಸುವುದಕ್ಕೆ ಕಾರಣವಿಲ್ಲ. ಆ ಪಟವನ್ನು ಮುಂದೆ ನಿತ್ಯವೂ ನೋಡತಕ್ಕವರು ಬಹುಮಟ್ಟಿಗೆ ಅವರನ್ನು ಪ್ರೀತಿಸಿದವರು, ಇಲ್ಲವೆ ಪ್ರೀತಿಸಲು ಅವಕಾಶವಿಲ್ಲದೆ ತಡವಾಗಿ ಹುಟ್ಟಿದವರು. ಅವರೆದುರಿಗೆ ಮೈಯನ್ನು ಬಿಗಿಹಿಡಿಯಬೇಕಾದ ಅಗತ್ಯವಿಲ್ಲವೆಂಬುದನ್ನು ತಿಳಿದವರ ಚಿತ್ರವು ತಾನಾಗಿಯೇ ಸರಿಯಾಗುತ್ತದೆ. ಸಹೃದಯರು ಈ ವಿಷಯವನ್ನು ತಮ್ಮ ತಮ್ಮ ಮನೆಗಳಲ್ಲಿ, ಹಿರಿಯರು ಇರುವಾಗಲೇ, ಪ್ರಯೋಗಿಸಿ ನೋಡತಕ್ಕದ್ದು.